ಇಟ್ಟಿಗೆಗೆ ಕಥೆ ಕಟ್ಟಿದವರು

ಜೈಲಿನಲ್ಲಿ ಕೂತಿರುವ ಒಬ್ಬ ಕಳ್ಳ. ಅವನಿಗೆ ಪಿಜ್ಜಾ ತಂದುಕೊಡುವ ಒಬ್ಬ ಹುಡುಗ. ಪಿಜ್ಜಾ ಕೈಗೆ ಸಿಕ್ಕಿದ್ದೇ ತಡ, ಕಳ್ಳ ಜೈಲಿನಿಂದ ಪಾರಾಗುತ್ತಾನೆ. ಪೊಲೀಸರ ಹೆಲಿಕಾಪ್ಟರನ್ನೇ ಕದ್ದೊಯ್ದು, ದ್ವೀಪದ ಕಟ್ಟಡಗಳನ್ನು ಒಂದೊಂದಾಗಿ ಬಿಚ್ಚತೊಡಗುತ್ತಾನೆ. ಅವನನ್ನು ಹಿಡಿಯುವುದು ತಡವಾದರೆ ಊರಿಗೆ ಊರೇ ಬಿಡಿ ಇಟ್ಟಿಗೆಗಳಾಗಿ ಮಾಯವಾಗುತ್ತದೆ. ಹಿಡಿಯಲು ಇರುವ ಉಪಾಯವೂ ಪಿಜ್ಜಾವೇ: ಮೇಲಿನಿಂದ ಪಿಜ್ಜಾ ಎಸೆದರೆ ಕಳ್ಳ ನಿಲ್ಲುತ್ತಾನೆ.

1997ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ‘ಲೆಗೊ ಐಲ್ಯಾಂಡ್’ ಎಂಬ ಕಂಪ್ಯೂಟರ್ ಆಟದ ಕಥೆ ಇದು. ಕ್ಯಾಲಿಫೋರ್ನಿಯಾದ ಮೈಂಡ್‌ಸ್ಕೇಪ್ ಕಂಪನಿ ತಯಾರಿಸಿದ ಈ ಆಟದ ಸೃಜನಶೀಲ ನಿರ್ದೇಶಕ ವೆಸ್ ಜೆಂಕಿನ್ಸ್. ಕಳ್ಳನ ಹೆಸರು ‘ಬ್ರಿಕ್‌ಸ್ಟರ್’. ಇಟ್ಟಿಗೆಯಿಂದಲೇ ಆದ ಲೋಕದಲ್ಲಿ ಅತಿ ದೊಡ್ಡ ಅಪರಾಧ ಯಾವುದಿರಬಹುದು? ಕೊಲೆಯಲ್ಲ, ಬೆಂಕಿಯಲ್ಲ, ಕಟ್ಟಿದ್ದನ್ನು ಬಿಚ್ಚುವುದು. ತಮಾಷೆಯೆಂದರೆ, ಆಟಿಕೆಯ ಡಬ್ಬಿ ಮುಂದಿಟ್ಟುಕೊಂಡ ಪ್ರತಿ ಮಗುವೂ ದಿನಕ್ಕೆ ಹತ್ತು ಸಲ ಮಾಡುವ ಕೆಲಸವೇ ಅದು.

ಮಕ್ಕಳ ಆಟಕ್ಕೆ ಕಥೆ ಬರೆಯುವುದರಲ್ಲಿ ಏನು ಮಹಾ ಕಷ್ಟ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಲೆಗೊ ವಿಷಯದಲ್ಲಿ ಒಂದು ತೊಡಕಿದೆ. ಚೆಂಡಿಗೆ, ಬುಗುರಿಗೆ ಕಥೆ ಬೇಕಿಲ್ಲ. ಗೊಂಬೆಯ ಕಥೆ ಅದರ ಮುಖದಲ್ಲೇ ಇರುತ್ತದೆ. ಇಟ್ಟಿಗೆ ಹಾಗಲ್ಲ. ಮಗು ಕಟ್ಟುವವರೆಗೆ ಅದು ಏನೂ ಅಲ್ಲ; ಕಟ್ಟಿದ ಮೇಲೆ ಮಗು ಏನೆಂದು ಕರೆಯುತ್ತದೋ ಅದೇ ಅದು. ಬೆಳಿಗ್ಗೆ ಮನೆಯಾಗಿದ್ದದ್ದು ಮಧ್ಯಾಹ್ನಕ್ಕೆ ಹಡಗು. ಆದರೆ ವಿಡಿಯೊ ಗೇಮಿನ ಸ್ವಭಾವ ಬೇರೆ. ಊರು ಹೇಗಿರಬೇಕು, ಖಳ ಯಾರು, ಯಾವ ಬಾಗಿಲು ಯಾವಾಗ ತೆರೆಯಬೇಕು ಎಂಬುದನ್ನೆಲ್ಲ ಯಾರೋ ದೊಡ್ಡವರು ಮೊದಲೇ ಕೂತು ನಿಶ್ಚಯಿಸಿರುತ್ತಾರೆ. ಅವರ ಕಥೆ ಹೆಚ್ಚಾದಷ್ಟೂ ಮಗುವಿನ ಕೈಗೆ ಕೆಲಸ ಕಡಿಮೆ. ಸುಮಾರು ಮೂರು ದಶಕಗಳ ಲೆಗೊ ಆಟಗಳ ಇತಿಹಾಸ ಬಹುಮಟ್ಟಿಗೆ ಈ ಹಗ್ಗಜಗ್ಗಾಟದ ಇತಿಹಾಸವೇ.

ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಮರದ ಆಟಿಕೆಗಳನ್ನು ಮಾಡಲು ಆರಂಭಿಸಿದ್ದು 1932ರಲ್ಲಿ, ಜಗತ್ತೇ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ. ‘ಚೆನ್ನಾಗಿ ಆಡು’ ಎಂಬ ಅರ್ಥದ ಎರಡು ಡ್ಯಾನಿಶ್ ಪದಗಳನ್ನು ಕೂಡಿಸಿ 1934ರಲ್ಲಿ ‘ಲೆಗೊ’ ಎಂಬ ಹೆಸರಿಟ್ಟರು. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಮೇಲೆ ಉಬ್ಬು, ಒಳಗೆ ಕೊಳವೆ ಇರುವ ಈಗಿನ ರೂಪಕ್ಕೆ ಅವರ ಮಗ ಗಾಟ್‌ಫ್ರೆಡ್ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಸಿದರು. ಅಂದಿನ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೂ ಸರಿಯಾಗಿ ಕೂರುತ್ತದೆ. ಎಂಟು ಉಬ್ಬಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿದ್ದಾರೆ. ಉತ್ತರ: 91,51,03,765. ಆರೇ ಇಟ್ಟಿಗೆಗೆ ತೊಂಬತ್ತೊಂದು ಕೋಟಿಗೂ ಹೆಚ್ಚು ಬಗೆ! ಇಂಥ ಆಟಿಕೆಗೆ ಒಂದೇ ಒಂದು ಕಥೆ ಬರೆಯಿರಿ ಎಂದರೆ ಬರೆಯುವವರ ಪಾಡೇನು?

ಕಥೆಯ ಮೊದಲ ಬೀಜ ಬಿದ್ದದ್ದು 1978ರಲ್ಲಿ. ಕೈಕಾಲು ಆಡಿಸುವ ಪುಟ್ಟ ಹಳದಿ ಮನುಷ್ಯ ಹುಟ್ಟಿದ್ದು ಆಗ. ಎರಡು ಚುಕ್ಕಿ ಕಣ್ಣು, ಒಂದು ನಗು, ಅಷ್ಟೇ ಮುಖ. ಹಳದಿ ಬಣ್ಣದಿಂದಾಗಿ ಅವನು ಯಾವ ಜನಾಂಗದವನೂ ಅಲ್ಲ. ಅವನಿಗೆಂದು ಊರು, ಕೋಟೆ, ಬಾಹ್ಯಾಕಾಶ ಎಂಬ ಮೂರು ಲೋಕಗಳನ್ನು ಕಂಪನಿ ಕಟ್ಟಿಕೊಟ್ಟಿತು. ಲೋಕ ಇತ್ತು, ಕಥೆ ಇರಲಿಲ್ಲ. ಅದನ್ನು ಮಗುವೇ ತುಂಬಬೇಕಿತ್ತು. ಹನ್ನೊಂದು ವರ್ಷ ಆ ಮುಖ ಬದಲಾಗಲಿಲ್ಲ. 1989ರಲ್ಲಿ ಕಡಲ್ಗಳ್ಳರ ಸರಣಿ ಬಂದಾಗ ಗಡ್ಡ, ಮೀಸೆ, ಒಕ್ಕಣ್ಣಿನ ಪಟ್ಟಿ ಕಾಣಿಸಿಕೊಂಡವು. ಮುಖ ಬೇರೆಬೇರೆಯಾದ ಮೇಲೆ ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು ಆಗಲೇಬೇಕಾಯಿತು.

ಮತ್ತೆ 1997ರ ದ್ವೀಪಕ್ಕೆ ಬರೋಣ. ಜೆಂಕಿನ್ಸ್ ತಂಡ ಆ ಹಗ್ಗಜಗ್ಗಾಟಕ್ಕೆ ಕಂಡುಕೊಂಡ ಪರಿಹಾರ ಇಂದಿಗೂ ಚಂದ ಕಾಣುತ್ತದೆ. ಕಳ್ಳನ ಕಥೆ ಇದ್ದರೂ ಅದರ ಹಿಂದೆ ಹೋಗಲೇಬೇಕೆಂಬ ಬಲವಂತವಿಲ್ಲ. ಸುಮ್ಮನೆ ದ್ವೀಪ ಸುತ್ತಬಹುದು. ಕಾರು, ಹೆಲಿಕಾಪ್ಟರುಗಳನ್ನು ಬಿಡಿ ಭಾಗಗಳಿಂದ ಜೋಡಿಸಿ, ಬೇಕಾದ ಬಣ್ಣ ಕೊಟ್ಟು ಓಡಿಸಬಹುದು. ಐದು ಪಾತ್ರಗಳಲ್ಲಿ ಯಾರನ್ನಾದರೂ ಆರಿಸಿಕೊಳ್ಳಬಹುದು, ಮತ್ತು ಒಬ್ಬೊಬ್ಬರ ಕೈಗುಣ ಬೇರೆ. ನಿಕ್ ಆಗಿ ಗಿಡವನ್ನು ಮುಟ್ಟಿದರೆ ಅದರ ಬಣ್ಣ ಬದಲಾಗುತ್ತದೆ, ಅಜ್ಜಿ ಮಾಮಾ ಬ್ರಿಕೊಲಿನಿಯಾಗಿ ಮುಟ್ಟಿದರೆ ಸದ್ದು ಬದಲಾಗುತ್ತದೆ, ಅಜ್ಜನಾದರೆ ಚಲನೆ. ಊರಿನ ಮೇಲೆ ಮಗುವಿನ ಗುರುತು ಉಳಿಯುವಂತೆ ಮಾಡಿದ ಈ ಸಣ್ಣ ಯುಕ್ತಿಯನ್ನು ನಂತರ ಬಂದ ಎಷ್ಟೋ ದುಬಾರಿ ಆಟಗಳು ಮರೆತವು.

ಇದಾದ ಮೇಲೆ ಕಂಪನಿ ಪೂರ್ತಿ ಎದುರು ದಿಕ್ಕಿಗೆ ಹೊರಳಿತು. 2001ರಲ್ಲಿ ಬಂದ ‘ಬಯೊನಿಕಲ್’ ಸರಣಿಯಲ್ಲಿ ಆಟಿಕೆಗಿಂತ ಕಥೆಯೇ ಮೊದಲು. ಅದರ ಹಿನ್ನೆಲೆ ವಿಚಿತ್ರವಾದದ್ದು. ಜಾಹೀರಾತು ಸಂಸ್ಥೆಯ ಕಲಾವಿದ ಕ್ರಿಶ್ಚಿಯನ್ ಫೇಬರ್ ಅವರಿಗೆ ಮೆದುಳಿನಲ್ಲಿ ಗಡ್ಡೆಯಾಗಿ ಚಿಕಿತ್ಸೆ ನಡೆಯುತ್ತಿತ್ತು. ಔಷಧವೆಂದರೆ ದೇಹದೊಳಗೆ ಕಳಿಸಿದ ಪುಟ್ಟ ಯೋಧರ ಪಡೆ ಎಂದು ಅವರು ಕಲ್ಪಿಸಿಕೊಂಡರು. ಆಟಿಕೆಗಳು ಮಾರಾಟಕ್ಕೆ ಬಂದದ್ದು ಮಾತ್ರೆಯ ಡಬ್ಬಿಯನ್ನು ಹೋಲುವ ಉದ್ದನೆಯ ಡಬ್ಬಿಗಳಲ್ಲಿ. ಕಥೆಯಲ್ಲೂ ಆರು ವೀರರು ಅಂಥದೇ ಡಬ್ಬಿಗಳಲ್ಲಿ ತೇಲಿಬಂದು ದ್ವೀಪದ ದಡ ಸೇರುತ್ತಾರೆ. ಆ ದ್ವೀಪ ಮಲಗಿರುವ ಒಬ್ಬ ಮಹಾಕಾಯನ ಮೇಲಿದೆ ಎಂಬ ರಹಸ್ಯ ಬಿಚ್ಚಿಕೊಂಡದ್ದು ವರ್ಷಗಳ ನಂತರ. ಡಬ್ಬಿ ಕೂಡ ಕಥೆಯ ಭಾಗವಾದ ಇನ್ನೊಂದು ಆಟಿಕೆಯನ್ನು ಹುಡುಕುವುದು ಕಷ್ಟ.

ಈ ದ್ವೀಪದಲ್ಲಿ ಸುತ್ತಾಡಲು 2001ರಲ್ಲೇ ಒಂದು ಕಂಪ್ಯೂಟರ್ ಆಟವೂ ಬಂತು. ಅದರಲ್ಲಿ ಆಡುವವನು ವೀರನಲ್ಲ, ಟಕುವಾ ಎಂಬ ಸಾಮಾನ್ಯ ಹಳ್ಳಿಗ. ಆರು ಹಳ್ಳಿ ಸುತ್ತಿ, ಜನರನ್ನು ಮಾತಾಡಿಸಿ, ನಡೆದದ್ದನ್ನು ತಿಳಿದುಕೊಳ್ಳುವುದಷ್ಟೇ ಅವನ ಕೆಲಸ. ಹೊಸ ಲೋಕವನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲವೇನೋ. ವೀರನ ಕಣ್ಣಿಗೆ ಊರು ಕಾಣುವುದಿಲ್ಲ, ಶತ್ರು ಮಾತ್ರ ಕಾಣುತ್ತಾನೆ.

ಆದರೆ ಲೋಕ ಕಟ್ಟುವವರು ಸಾಮಗ್ರಿ ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆಯೂ ಇಲ್ಲೇ ಎದ್ದಿತು. ಕಥೆಗಾರರು ಪೆಸಿಫಿಕ್ ದ್ವೀಪಗಳ ಭಾಷೆಗಳಿಂದ, ಮುಖ್ಯವಾಗಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಿಂದ ಪದಗಳನ್ನು ಎತ್ತಿಕೊಂಡಿದ್ದರು. ಹಳ್ಳಿಗರಿಗೆ ಇಟ್ಟ ಹೆಸರು ‘ಟೊಹುಂಗಾ’. ಮಾವೊರಿಗಳಲ್ಲಿ ಅದು ಪುರೋಹಿತರಿಗೆ, ಆಳವಾದ ವಿದ್ಯೆ ಬಲ್ಲವರಿಗೆ ಸಲ್ಲುವ ಗೌರವದ ಪದ. ತಮ್ಮನ್ನು ಕೇಳದೆ ಆಟಿಕೆಗೆ ಆ ಹೆಸರು ಅಂಟಿಸಿದ್ದಕ್ಕೆ 2001ರಲ್ಲಿ ಮಾವೊರಿಗಳ ಕಡೆಯಿಂದ ಆಕ್ಷೇಪ ಬಂತು. ನಮ್ಮಲ್ಲಿ ಯಾರಾದರೂ ಆಟದ ಪುಡಿ ಪಾತ್ರಕ್ಕೆ ‘ಶರಣ’ ಎಂದೋ ‘ದಾಸ’ ಎಂದೋ ಹೆಸರಿಟ್ಟು ಮಾರಿದ್ದರೆ ಹೇಗಿರುತ್ತಿತ್ತೆಂದು ಊಹಿಸಿಕೊಳ್ಳಬಹುದು. ಕಂಪನಿ ಆ ಹೆಸರನ್ನು ಕೈಬಿಟ್ಟಿತು. ಹಳ್ಳಿಗರು ‘ಮಟೊರನ್’ ಆದರು, ಕೆಲವು ಪಾತ್ರಗಳ ಹೆಸರಿನ ಅಕ್ಷರಗಳೂ ಬದಲಾದವು. ಕಲ್ಪನೆಯ ದ್ವೀಪಕ್ಕೂ ನೆಲದ ಮೇಲೆ ವಾರಸುದಾರರಿರುತ್ತಾರೆ ಎಂಬುದು ಆಟಿಕೆ ಉದ್ಯಮಕ್ಕೆ ಹೀಗೆ ಗೊತ್ತಾಯಿತು.

ಬಯೊನಿಕಲ್ ಚೆನ್ನಾಗಿ ಮಾರಾಟವಾಯಿತು. ಆದರೂ ಕಂಪನಿ 2003-04ರಲ್ಲಿ ಭಾರಿ ನಷ್ಟಕ್ಕೆ ಸಿಲುಕಿತು. ಆ ಕಾಲದಲ್ಲೇ, ಇಂಗ್ಲೆಂಡಿನಲ್ಲಿ ಲೆಗೊ ಆಟಗಳ ವಿಭಾಗದಲ್ಲಿದ್ದ ಟಾಮ್ ಸ್ಟೋನ್, ಜೊನಾಥನ್ ಸ್ಮಿತ್ ಮೊದಲಾದವರು ಹೊರಬಂದು ತಮ್ಮದೇ ಸಂಸ್ಥೆ ಮಾಡಿಕೊಂಡರು. ಟ್ರಾವೆಲರ್ಸ್ ಟೇಲ್ಸ್ ಎಂಬ ಸ್ಟುಡಿಯೊ ಜತೆ ಸೇರಿ ಅವರು 2005ರಲ್ಲಿ ತಂದ ಆಟವೇ ‘ಲೆಗೊ ಸ್ಟಾರ್ ವಾರ್ಸ್’. ಸ್ಟಾರ್ ವಾರ್ಸ್ ಇಟ್ಟಿಗೆ ಸೆಟ್ಟುಗಳು 1999ರಲ್ಲೇ ಬಂದಿದ್ದವು. ಹೆಸರಿನಲ್ಲೇ ಯುದ್ಧವಿರುವ ಸಿನಿಮಾವನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕೆ ಎಂದು ಆಗ ಕಂಪನಿಯೊಳಗೇ ದೊಡ್ಡ ಜಗಳ ನಡೆದಿತ್ತು.

ಈ ಆಟದಲ್ಲಿ ಯಾರೂ ಮಾತಾಡುವುದಿಲ್ಲ. ಗೊಣಗುತ್ತಾರೆ, ಹುಬ್ಬೇರಿಸುತ್ತಾರೆ, ಭುಜ ಕುಣಿಸುತ್ತಾರೆ. ಗಂಭೀರ ಸಿನಿಮಾದ ದೃಶ್ಯಗಳೆಲ್ಲ ಚಾಪ್ಲಿನ್ ಕಾಲದ ಮೂಕಿ ಹಾಸ್ಯದಂತೆ ಸಾಗುತ್ತವೆ. 2006ರ ಎರಡನೆಯ ಭಾಗದಲ್ಲಿ, ‘ನಾನೇ ನಿನ್ನ ತಂದೆ’ ಎಂದು ಖಳ ಡಾರ್ತ್ ವೇಡರ್ ನಾಯಕನಿಗೆ ತಿಳಿಸುವ ಪ್ರಸಿದ್ಧ ಸನ್ನಿವೇಶ ಬರುತ್ತದೆ. ಮಾತಿಲ್ಲದೆ ಇದನ್ನು ಹೇಳುವುದು ಹೇಗೆ? ವೇಡರ್ ಹಳೆಯ ಫೋಟೊ ಒಂದನ್ನು ಹೊರತೆಗೆದು ತೋರಿಸುತ್ತಾನೆ, ಮುಗಿಯಿತು. ನವರಾತ್ರಿಯಲ್ಲಿ ಹಳೆ ಮೈಸೂರಿನ ಮನೆಗಳಲ್ಲಿ ಕೂರಿಸುವ ಬೊಂಬೆಗಳೂ ಮಾತಾಡುವುದಿಲ್ಲ. ನೋಡುವವರಿಗೆ ರಾಮಾಯಣ ಗೊತ್ತಿರುವುದರಿಂದ ಮಾತಿನ ಅಗತ್ಯವೂ ಬೀಳದು. ಲೆಗೊ ಸ್ಟಾರ್ ವಾರ್ಸ್ ನಿಂತದ್ದು ಇದೇ ನಂಬಿಕೆಯ ಮೇಲೆ. ಕಥೆ ಗೊತ್ತಿರುವ ಅಪ್ಪ, ಗೊತ್ತಿಲ್ಲದ ಮಗ ಒಂದೇ ಪರದೆಯ ಮುಂದೆ ಕೂತು ಬೇರೆ ಬೇರೆ ಕಾರಣಕ್ಕೆ ನಗಬಹುದು. ಎರಡನೆಯವರು ಆಟದ ನಡುವೆ ಯಾವಾಗ ಬೇಕಾದರೂ ಸೇರಬಹುದು, ಬಿಟ್ಟು ಎದ್ದು ಹೋಗಬಹುದು. ಅಡುಗೆಮನೆಯಿಂದ ಕರೆ ಬರುವ ಮನೆಗಳಿಗೆ ಇದು ಸಣ್ಣ ಅನುಕೂಲವಲ್ಲ.

ಸಾವನ್ನು ನಿಭಾಯಿಸಿದ ರೀತಿಯೂ ಗಮನಿಸುವಂತಿದೆ. ಪೆಟ್ಟು ಹೆಚ್ಚಾದರೆ ಪಾತ್ರ ಕೈ, ಕಾಲು, ತಲೆ ಬೇರೆಯಾಗಿ ಚೆಲ್ಲಾಪಿಲ್ಲಿಯಾಗುತ್ತದೆ. ಕೂಡಿಸಿಟ್ಟ ನಾಣ್ಯಗಳು ಒಂದಿಷ್ಟು ಚದುರುತ್ತವೆ. ಮರುಕ್ಷಣ ಅದೇ ಪಾತ್ರ ಅಲ್ಲೇ ಎದ್ದು ನಿಲ್ಲುತ್ತದೆ. ಮಗು ಸೋಲುವುದಿಲ್ಲ, ಒಂದಿಷ್ಟು ಕಾಸು ಕಳೆದುಕೊಳ್ಳುತ್ತದೆ ಅಷ್ಟೆ. ಒಂದು ಅಧ್ಯಾಯವನ್ನು ಕಥೆಯ ಪ್ರಕಾರ ಮುಗಿಸಿದ ಮೇಲೆ ಅದನ್ನೇ ಬೇರೆ ಪಾತ್ರಗಳೊಂದಿಗೆ ಮತ್ತೆ ಆಡಬಹುದು. ಮೊದಲ ಸಲ ಮುಚ್ಚಿದ್ದ ಬಾಗಿಲು ಈ ಸಲ ಯಂತ್ರಮಾನವನಿಗೆ ತೆರೆಯುತ್ತದೆ. ಎಟುಕದಿದ್ದ ಅಟ್ಟಕ್ಕೆ ಕೊಕ್ಕೆಯ ಹಗ್ಗ ಇರುವವನು ಏರುತ್ತಾನೆ. ಮೊದಲ ಸಲ ಕಥೆಗಾಗಿ, ಎರಡನೆಯ ಸಲ ಲೋಕಕ್ಕಾಗಿ ಎಂಬ ಈ ಎರಡು ಸುತ್ತಿನ ವಿನ್ಯಾಸವನ್ನು ಮುಂದೆ ಆ ಸ್ಟುಡಿಯೊದಿಂದ ಬಂದ ಬ್ಯಾಟ್‌ಮನ್, ಹ್ಯಾರಿ ಪಾಟರ್ ಆಟಗಳೂ ಪಾಲಿಸಿದವು. 2008ರ ‘ಇಂಡಿಯಾನಾ ಜೋನ್ಸ್’ ಆಟದಲ್ಲಿ ಸಿನಿಮಾದ ನಾಜಿಗಳು ನಾಜಿ ಗುರುತುಗಳಿಲ್ಲದ ಬರೀ ಸಿಪಾಯಿಗಳಾದರು. ಆಟಿಕೆಯ ಲೋಕಕ್ಕೆ ಕೆಲವು ಚಿಹ್ನೆಗಳು ಬೇಡವೆನ್ನುವ ಎಚ್ಚರ ಇಲ್ಲಿತ್ತು.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ಮಾತು ಹೇಳಲೇಬೇಕು. ಈ ಆಟಗಳಲ್ಲಿ ಮಗು ಏನನ್ನೂ ಕಟ್ಟುವುದಿಲ್ಲ. ನೆಲದ ಮೇಲೆ ಇಟ್ಟಿಗೆಗಳ ಗುಡ್ಡೆಯೊಂದು ಕುಣಿಯುತ್ತಿರುತ್ತದೆ. ಗುಂಡಿ ಒತ್ತಿ ಹಿಡಿದರೆ ಅದು ತಾನೇ ಸೇತುವೆಯೋ ಏಣಿಯೋ ಆಗಿ ಜೋಡಿಸಿಕೊಳ್ಳುತ್ತದೆ. ಏನಾಗಬೇಕೆಂಬುದು ಮೊದಲೇ ತೀರ್ಮಾನವಾಗಿದೆ. ತೊಂಬತ್ತೊಂದು ಕೋಟಿ ಬಗೆಗಳಲ್ಲಿ ಉಳಿದದ್ದು ಒಂದು. ಲೆಗೊ ಹೆಸರಿನ ಅತಿ ಜನಪ್ರಿಯ ಆಟಗಳಲ್ಲಿ ಲೆಗೊದ ಮೂಲ ಕೆಲಸವೇ ಇಲ್ಲವಾಯಿತು.

ಕಟ್ಟುವ ಸ್ವಾತಂತ್ರ್ಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2010ರ ಅಕ್ಟೋಬರಿನಲ್ಲಿ ಆರಂಭವಾದ ‘ಲೆಗೊ ಯೂನಿವರ್ಸ್’ ಸಾಕ್ಷಿ. ಅಮೆರಿಕದ ಕೊಲರಾಡೊದ ನೆಟ್‌ಡೆವಿಲ್ ಸ್ಟುಡಿಯೊ ರೂಪಿಸಿದ, ಸಾವಿರಾರು ಮಕ್ಕಳು ಒಟ್ಟಿಗೆ ಇಂಟರ್‌ನೆಟ್ ಮೂಲಕ ಆಡುವ ಆಟ ಅದು. ಅದರ ಕಥೆಯಲ್ಲಿ ‘ಕಲ್ಪನೆ’ ಎಂಬುದೇ ಒಂದು ಶಕ್ತಿಯ ಸೆಲೆ. ಅದು ಕೆಟ್ಟು ಕತ್ತಲಾಗಿ, ಒಂದು ಗ್ರಹ ಒಡೆದು ಚೂರುಚೂರಾಗಿದೆ. ಆ ಚೂರುಗಳ ಮೇಲೆ ಮಕ್ಕಳು ಕತ್ತಲೆಯ ವಿರುದ್ಧ ಹೋರಾಡಬೇಕು. ಒಬ್ಬೊಬ್ಬರಿಗೂ ಒಂದು ನಿವೇಶನ ಸಿಗುತ್ತಿತ್ತು, ಅಲ್ಲಿ ಮನ ಬಂದಂತೆ ಕಟ್ಟಬಹುದಿತ್ತು.

ತೊಂದರೆ ಶುರುವಾದದ್ದು ಆ ನಿವೇಶನಗಳಲ್ಲೇ. ಅಪರಿಚಿತರೆಲ್ಲ ಸೇರುವ ಜಾಗದಲ್ಲಿ ಒಬ್ಬ ಕಿಡಿಗೇಡಿ ಅಶ್ಲೀಲ ಆಕಾರ ಕಟ್ಟಿಟ್ಟರೆ ಅದನ್ನು ನೋಡುವವರು ಎಂಟು ಹತ್ತು ವರ್ಷದ ಮಕ್ಕಳು. ಮಕ್ಕಳ ವಿಷಯದಲ್ಲಿ ಲೆಗೊ ಎಂಬ ಹೆಸರಿಗೆ ಇರುವ ನಂಬಿಕೆಗೆ ಒಂದು ಕಲೆಯೂ ತಾಗುವಂತಿರಲಿಲ್ಲ. ಅಂಥ ಆಕಾರಗಳನ್ನು ತಾನಾಗಿಯೇ ಪತ್ತೆ ಮಾಡುವ ತಂತ್ರಾಂಶ ಬರೆಯಲು ಯತ್ನಿಸಿ ಸೋತದ್ದನ್ನು ಆಟದ ತಯಾರಿಕೆಯಲ್ಲಿದ್ದ ಮೇಗನ್ ಫಾಕ್ಸ್ 2015ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಇಟ್ಟಿಗೆಗಳ ಜೋಡಣೆಗೆ ಅಂತ್ಯವಿಲ್ಲದಂತೆ ಪೋಲಿತನದ ಜೋಡಣೆಗೂ ಅಂತ್ಯವಿರಲಿಲ್ಲ. ಕೊನೆಗೆ ಮಕ್ಕಳು ಕಟ್ಟಿದ್ದನ್ನು ಮನುಷ್ಯರೇ ಕೂತು ನೋಡಿ, ಒಪ್ಪಿಗೆ ಕೊಟ್ಟ ಮೇಲಷ್ಟೇ ಬೇರೆಯವರಿಗೆ ಕಾಣುವ ವ್ಯವಸ್ಥೆ ನಡೆಯಿತು. ಈ ಕಾವಲಿನ ಖರ್ಚು ಆಟದ ಬೆನ್ನು ಮುರಿದ ಕಾರಣಗಳಲ್ಲಿ ಒಂದು. 2012ರ ಜನವರಿ ಕೊನೆಗೆ, ಒಂದು ವರ್ಷ ಮೂರು ತಿಂಗಳಿಗೇ, ‘ಲೆಗೊ ಯೂನಿವರ್ಸ್’ ಮುಚ್ಚಿತು. ಕಲ್ಪನೆಯನ್ನು ಉಳಿಸಿ ಎಂಬ ಕಥೆ ಹೇಳಿದ ಆಟ, ಕಲ್ಪನೆಗೆ ಕಾವಲುಗಾರರನ್ನು ನೇಮಿಸಬೇಕಾಗಿ ಬಂದದ್ದು ವಿಪರ್ಯಾಸ.

ಅದೇ ಹೊತ್ತಿನಲ್ಲಿ ಪಕ್ಕದ ಸ್ವೀಡನ್ನಿನಿಂದ ಬಂದ ‘ಮೈನ್‌ಕ್ರಾಫ್ಟ್’ ಜಗತ್ತಿನ ಮಕ್ಕಳನ್ನು ಸೆಳೆಯುತ್ತಿತ್ತು. ಮಾರ್ಕಸ್ ಪರ್ಸನ್ 2009ರಲ್ಲಿ ಹೊರಬಿಟ್ಟ, 2011ರ ನವೆಂಬರಿನಲ್ಲಿ ಪೂರ್ಣ ರೂಪ ಪಡೆದ ಈ ಆಟದಲ್ಲಿ ಹೇಳಿಕೊಳ್ಳುವ ಕಥೆ ಇಲ್ಲ, ಸೊಗಸಾದ ಚಿತ್ರವೂ ಇಲ್ಲ. ಚೌಕಾಕಾರದ ಗಟ್ಟಿಗಳನ್ನು ಅಗೆಯುವುದು, ಪೇರಿಸುವುದು. 2014ರಲ್ಲಿ ಮೈಕ್ರೊಸಾಫ್ಟ್ ಅದನ್ನು 250 ಕೋಟಿ ಡಾಲರಿಗೆ ಕೊಂಡಿತು. ಇಟ್ಟಿಗೆ ಕಂಪನಿ ಮಾಡಬೇಕಿದ್ದ ಆಟವನ್ನು ಬೇರೆಯವರು ಮಾಡಿ ಮುಗಿಸಿದ್ದರು. ಲೆಗೊ ಇದಕ್ಕೆ ಉತ್ತರವಾಗಿ ತಂದ ‘ಲೆಗೊ ವರ್ಲ್ಡ್ಸ್’ ಪೂರ್ಣವಾಗಿ ಬಿಡುಗಡೆಯಾದದ್ದು 2017ರ ಮಾರ್ಚಿನಲ್ಲಿ. ಬೆಟ್ಟ, ಹೊಳೆ, ಮರ ಎಲ್ಲವೂ ಇಟ್ಟಿಗೆಯೇ, ಬೇಕಾದ್ದು ಕಟ್ಟಿ. ಸ್ವಾತಂತ್ರ್ಯ ಬಂತು, ಆದರೆ ಪಿಜ್ಜಾ ಕೇಳುವ ಕಳ್ಳ ಇರಲಿಲ್ಲ.

ಕಥೆಗಾರರ ಕಡೆಯೂ ಬದಲಾವಣೆ ನಡೆದಿತ್ತು. 2012ರ ‘ಲೆಗೊ ಬ್ಯಾಟ್‌ಮನ್ 2’ ಆಟದಲ್ಲಿ ಮೂಕ ಬೊಂಬೆಗಳಿಗೆ ಮಾತು ಬಂತು. ಮಾತು ಬಂದದ್ದರಿಂದ ಸಿನಿಮಾದ ಹಂಗಿಲ್ಲದ ಸ್ವಂತ ಕಥೆಗಳು ಸಾಧ್ಯವಾದವು. 2013ರ ‘ಲೆಗೊ ಸಿಟಿ ಅಂಡರ್‌ಕವರ್’ ಇದಕ್ಕೆ ಒಳ್ಳೆಯ ಉದಾಹರಣೆ. ವೇಷ ಬದಲಿಸುವ ಪತ್ತೇದಾರ ಚೇಸ್ ಮೆಕೇನ್ ಇಡೀ ನಗರವನ್ನು ಜಾಲಾಡುತ್ತಾನೆ. ಅವನು ಪೊಲೀಸ್, ಆದರೆ ಗುಂಡು ಹಾರಿಸುವ ಬಂದೂಕಿಲ್ಲ. ಹಿಡಿದವರಿಗೆ ಕೋಳ ತೊಡಿಸುತ್ತಾನೆ ಅಷ್ಟೆ. ಬಂದೂಕಿಲ್ಲದ ಪೊಲೀಸ್ ಕಥೆಯನ್ನು ಗಂಟೆಗಟ್ಟಲೆ ನಡೆಸುವುದು ಬರೆಯುವವರಿಗೆ ಸವಾಲೇ ಸರಿ. ಅವರು ನೆಚ್ಚಿಕೊಂಡದ್ದು ಹಳೆಯ ಪೊಲೀಸ್ ಸಿನಿಮಾಗಳ ಅಣಕವನ್ನು. ಆದರೂ ಮೂಕ ಹಾಸ್ಯವನ್ನು ಮರೆಯದ ಅಭಿಮಾನಿಗಳು ಉಳಿದಿದ್ದರು. 2022ರಲ್ಲಿ ಒಂಬತ್ತೂ ಸಿನಿಮಾಗಳನ್ನು ಸೇರಿಸಿ ಬಂದ ‘ಸ್ಕೈವಾಕರ್ ಸಾಗಾ’ ಆಟದಲ್ಲಿ ಅವರಿಗಾಗಿಯೇ ಒಂದು ಆಯ್ಕೆ ಇದೆ: ಅದನ್ನು ಒತ್ತಿದರೆ ಎಲ್ಲರೂ ಮಾತು ಬಿಟ್ಟು ಹಳೆಯಂತೆ ಗೊಣಗತೊಡಗುತ್ತಾರೆ!

ಕಟ್ಟುವುದು, ಕಥೆ ಎರಡನ್ನೂ ಒಂದೇ ಎಳೆಯಲ್ಲಿ ಹೆಣೆಯುವ ಪ್ರಯತ್ನ ಈಚೆಗೆ ಸಣ್ಣ ಸ್ಟುಡಿಯೊಗಳಲ್ಲಿ ನಡೆದಿದೆ. 2022ರ ‘ಬ್ರಿಕ್‌ಟೇಲ್ಸ್’ ಆಟವನ್ನು ಮಾಡಿದ್ದು ಸೇತುವೆ ಕಟ್ಟುವ ಆಟಗಳಿಗೆ ಹೆಸರಾದ ಆಸ್ಟ್ರಿಯಾದ ಕ್ಲಾಕ್‌ಸ್ಟೋನ್. ತಾತನ ಪಾಳುಬಿದ್ದ ಮನರಂಜನಾ ಪಾರ್ಕನ್ನು ಮೊಮ್ಮಗ ಎತ್ತಿ ನಿಲ್ಲಿಸುವ ಕಥೆ. ದಾರಿಯಲ್ಲಿ ಹೊಳೆ ಅಡ್ಡ ಬಂದರೆ ಇಷ್ಟು ಇಟ್ಟಿಗೆ ಕೊಟ್ಟು ಸುಮ್ಮನಾಗುತ್ತದೆ. ಸೇತುವೆ ಹೇಗಿರಬೇಕೆಂಬುದು ಆಡುವವರಿಗೆ ಬಿಟ್ಟದ್ದು. ಭಾರ ತಡೆಯದಿದ್ದರೆ ಕುಸಿಯುತ್ತದೆ, ಮತ್ತೆ ಕಟ್ಟಬೇಕು.

ಕೋಪನ್‌ಹೇಗನ್ನಿನ ಲೈಟ್ ಬ್ರಿಕ್ ಸ್ಟುಡಿಯೊ 2019ರಲ್ಲಿ ತಂದ ‘ಬಿಲ್ಡರ್ಸ್ ಜರ್ನಿ’ ಇನ್ನೂ ಮುಂದೆ ಹೋಯಿತು. ಅದರಲ್ಲಿ ಒಂದೂ ಮಾತಿಲ್ಲ, ಹಳದಿ ಮುಖವೂ ಇಲ್ಲ. ನಾಲ್ಕಾರು ಇಟ್ಟಿಗೆ ಪೇರಿಸಿದ ಒಂದು ದೊಡ್ಡ ಆಕೃತಿ, ಒಂದು ಚಿಕ್ಕದು, ಹೆತ್ತವರೊಬ್ಬರು, ಮಗು. ಇಬ್ಬರೂ ಸಮುದ್ರದಂಡೆಯಲ್ಲಿ ಆಡುತ್ತಾರೆ. ಆಮೇಲೆ ದೊಡ್ಡವರನ್ನು ಕೆಲಸ ಕರೆಯುತ್ತದೆ, ಮಗು ಒಂಟಿಯಾಗುತ್ತದೆ. ಆ ಚಿಕ್ಕ ಆಕೃತಿ ಮುಂದಕ್ಕೆ ಹೋಗಬೇಕಾದರೆ ನಾವು ಇಟ್ಟಿಗೆ ಇಟ್ಟು ದಾರಿ ಮಾಡಿಕೊಡಬೇಕು. ಬಡಗಿಯೊಬ್ಬ ಮಕ್ಕಳಿಗೆಂದು ಶುರು ಮಾಡಿದ ಕಂಪನಿಯ ಆಟದಲ್ಲಿ, ಆಡಲು ಬಿಡುವಿಲ್ಲದ ದೊಡ್ಡವರೇ ಕಥೆಯ ತೊಡಕಾಗಿರುವುದು ಈ ಲೇಖಕನಿಗೆ ಇಷ್ಟವಾದ ಸಂಗತಿ.

ಅದೇ ಸ್ಟುಡಿಯೊ 2025ರ ಸೆಪ್ಟೆಂಬರಿನಲ್ಲಿ ‘ಲೆಗೊ ವಾಯೇಜರ್ಸ್’ ಹೊರತಂದಿತು. ಇಲ್ಲಿ ಕೈಕಾಲೂ ಇಲ್ಲ: ಒಂದು ಕೆಂಪು ಇಟ್ಟಿಗೆ, ಒಂದು ನೀಲಿ ಇಟ್ಟಿಗೆ, ಎರಡಕ್ಕೂ ಒಂದೊಂದು ಕಣ್ಣು. ಯಾರೋ ಬಿಟ್ಟುಹೋದ ಬಾಹ್ಯಾಕಾಶ ನೌಕೆಯನ್ನು ಉಳಿಸಲು ಇವು ಉರುಳುತ್ತಾ, ಒಂದರ ಮೇಲೊಂದು ಅಂಟಿಕೊಳ್ಳುತ್ತಾ ಹೊರಡುತ್ತವೆ. ಮಾತಿಗೆ ಬದಲು ಒಂದು ಗುಂಡಿಯಿದೆ. ಒತ್ತಿದರೆ ಇಟ್ಟಿಗೆ ಹಾಡಿದಂತೆ ಸದ್ದು ಮಾಡುತ್ತದೆ, ಇನ್ನೊಂದು ಬೇಕಿದ್ದರೆ ಓಗೊಡಬಹುದು. ಇದನ್ನು ಒಬ್ಬರೇ ಕೂತು ಆಡಲು ಬರುವುದಿಲ್ಲ. ಜತೆಗೆ ಇನ್ನೊಬ್ಬರು ಬೇಕೇ ಬೇಕು.